ರೊಟ್ಟಿ ಮುರಿಯದ ಗಾಡಿ

ಅತ್ತೀ, ನಿಮ್ಮ ಸೊಸೆ ಮಹಾದೇವಿಯ ಶರಣು.

ಕಾಗದ ಬರೆಯುವುದು ನಮ್ಮ ಮನೆಯ ರೂಢಿಯಲ್ಲ. ನೀವಿದ್ದಾಗ ಹೇಳಬೇಕಾದ್ದನ್ನೆಲ್ಲ ಒಲೆಯ ಮುಂದೆಯೇ ಹೇಳಿ ಮುಗಿಸುತ್ತಿದ್ದೆವು; ಮುಗಿಯದಿದ್ದರೆ ಮರುದಿನ ಬಿಟ್ಟಲ್ಲಿಂದಲೇ ಜಗಳ ಮುಂದುವರಿಸುತ್ತಿದ್ದೆವು. ನೀವು ಹೋಗಿ ಎರಡನೇ ಎಳ್ಳ ಅಮಾವಾಸ್ಯೆ ಕಳೆಯಿತು. ಈಗ ಒಲೆಯ ಮುಂದೆ ನಾನೊಬ್ಬಳೇ ಮಾತಾಡಿದರೆ ಓಣಿಯವರು ಏನಂದುಕೊಂಡಾರು? ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಓದು ಬಾರದಿದ್ದರೇನು, ಓದಿ ಹೇಳಲು ಮಾವನವರು ಅಲ್ಲೇ ಹತ್ತಿರ ಇದ್ದಾರಲ್ಲ. ಸುದ್ದಿ ದೊಡ್ಡದಿದೆ. ಆದರೆ ನಿಮಗೆ ಗೊತ್ತು, ನಾನು ಸರಕು ತೋರಿಸದೆ ದರ ಹೇಳುವವಳಲ್ಲ.

ನಾನು ಸೊಸೆಯಾಗಿ ಇಂಡಿಗೆ ಬಂದ ಹೊಸದರಲ್ಲಿ ನೀವು ನನ್ನನ್ನು ಸಿಂದಗಿ ಬಸ್ಸು ಹತ್ತಿಸಿದ್ದು ನೆನಪಿದೆಯೇ? ಬುಟ್ಟಿಯ ತುಂಬ ಜೋಳದ ಖಡಕ್ ರೊಟ್ಟಿ. ತಿಂಗಳಿಟ್ಟರೂ ಕೆಡದ, ಒಮ್ಮೆ ಕುಲುಕಿದರೆ ಚೂರಾಗುವ ಸರಕು. ನಾನು ಖಾಲಿ ಸೀಟು ಕಂಡಲ್ಲಿ ಕೂರಲು ಹೋದರೆ ನೀವು ಸೆರಗು ಹಿಡಿದು ಎಳೆದಿರಿ. "ಏ ಮಾದೇವಿ, ಗಾಲಿ ಮ್ಯಾಲ ಕುಂದರಬ್ಯಾಡ. ನೀ ಕುಣಿದ್ರ ನಡೀತೈತಿ, ರೊಟ್ಟಿ ಕುಣಿದ್ರ ನಡಿಯೂದಿಲ್ಲ." ಕಂಡಕ್ಟರ್ ಬಂದು ಬುಟ್ಟಿಗೂ ಟಿಕೆಟ್ ಕೇಳಿದ. ನೀವು ಬುಟ್ಟಿಯನ್ನು ತೊಡೆಯ ಮೇಲೆ ಇನ್ನಷ್ಟು ಒತ್ತಿಕೊಂಡು, "ಇದು ಲಗೇಜ್ ಅಲ್ಲಪಾ, ಕೂಸು. ತೊಡಿ ಮ್ಯಾಲಿನ ಕೂಸಿಗಿ ಯಾವ ಊರಾಗ ಟಿಕೆಟ್ ಐತಿ?" ಎಂದಿರಿ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಕೂಸಿನ ಗಲ್ಲ ಸವರುವವನ ಹಾಗೆ ಬುಟ್ಟಿ ಸವರಿ ಮುಂದೆ ಹೋದ. ವ್ಯಾಪಾರ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಸೀಟೇ ಕಣ್ಣ ಮುಂದೆ ಬರುತ್ತದೆ.

ನಮ್ಮ ಮನೆಯ ಊಟದ ಹೊತ್ತು ನೆನೆದರೆ ಮೊದಲು ಕೇಳಿಸುವುದು ನಿಮ್ಮ ಕೂಗು: "ಮುರುಕ ಎಲ್ಲಿ ಅದಾವ, ತರ್ರಿ." ಇಡೀ ರೊಟ್ಟಿ ಗಿರಾಕಿಯದು, ಮುರಿದದ್ದು ಮನೆಯದು. ಈ ಕಾನೂನು ಮಾಡಿದವರು ನೀವು. ಎಲ್ಲರಿಗಿಂತ ಮೊದಲು ಪಾಲಿಸಿದವರೂ ನೀವೇ. ನಿಮ್ಮ ತಾಟಿನಲ್ಲಿ ದುಂಡಗಿನ ರೊಟ್ಟಿ ಕಂಡ ನೆನಪು ನನಗಿಲ್ಲ. ದಿನಕ್ಕೆ ಬುಟ್ಟಿಗಟ್ಟಲೆ ಬಡಿದ ಕೈಗೆ ಒಂದು ಇಡೀ ರೊಟ್ಟಿಯ...

ಇರಲಿ, ಮುಂದೆ ಹೇಳುತ್ತೇನೆ.

ಈ ಸಲದ ಎಳ್ಳ ಅಮಾವಾಸ್ಯೆಗೆ ಇನ್ನೂ ಎರಡು ವಾರ ಇರುವಾಗ ಮುದ್ದೇಬಿಹಾಳದ ನೀಲಮ್ಮ ಫೋನ್ ಮಾಡಿದ್ದಳು. ನೀಲಮ್ಮ ಎಂದರೆ ಅಲ್ಲಿ ಖಾನಾವಳಿ ನಡೆಸುವವಳು, ನೀವು ಹೋದ ಮೇಲೆ ನಾನು ಹಿಡಿದ ಗಿರಾಕಿ, ಎಲ್ಲರಿಗಿಂತ ದೊಡ್ಡ ಗಿರಾಕಿ. ಅವಳಿಗೆ ಕಳಿಸುವ ಸಲುವಾಗಿಯೇ ಓಣಿಯ ನಾಲ್ಕು ಹೆಣ್ಣುಮಕ್ಕಳು ನನ್ನ ಜೊತೆ ರೊಟ್ಟಿ ಬಡಿಯುತ್ತಾರೆ. ಸರಕು ಬಾಡಿಗೆ ಟೆಂಪೋದಲ್ಲಿ ಹೋಗುತ್ತಿತ್ತು. ಟೆಂಪೋದವನಿಗೆ ಸಿಮೆಂಟೂ ಒಂದೇ, ರೊಟ್ಟಿಯೂ ಒಂದೇ. "ಅಕ್ಕಾ, ನಿನ್ನ ರೊಟ್ಟಿ ರುಚಿಗಿ ನಾ ಏನೂ ಅನ್ನೂದಿಲ್ಲ. ಆದ್ರ ಮಂದಿ ತಾಟಿಗಿ ಚೂರು ಬಡಸಾಕ ಬರೂದಿಲ್ಲ. ಇನ್ನೊಂದ ಸಲ ನೋಡ್ತೇನಿ. ಹಿಂಗ ಬಂದ್ರ ಮಷೀನ್ ರೊಟ್ಟಿ ತರಸ್ತೇನಿ, ಸಿಟ್ಟಾಗಬ್ಯಾಡ," ಎಂದಳು. ಸಿಟ್ಟು ಯಾಕೆ ಬರಬೇಕು? ಅವಳ ಜಾಗದಲ್ಲಿದ್ದರೆ ನಾನು ಆ ಒಂದು ಸಲವನ್ನೂ ಕೊಡುತ್ತಿರಲಿಲ್ಲ. ಆದರೆ ಹಂಚಿನ ಮುಂದೆ ಕುಳಿತಿದ್ದ ನಾಲ್ಕೂ ಮಂದಿ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಅವತ್ತೇ ನಿಶ್ಚಯಿಸಿದೆ: ಇನ್ನು ಮೇಲೆ ಸರಕು ನಮ್ಮದೇ ಗಾಡಿಯಲ್ಲಿ, ನನ್ನದೇ ಕೈಯಲ್ಲಿ.

ನಿಮ್ಮ ಮಗನ ಮುಂದೆ ಈ ಮಾತು ಎತ್ತಿದ ದಿನ ನೀವಿರಬೇಕಿತ್ತು. ಗಾಡಿ ಎಂದ ಕೂಡಲೇ ಕಣ್ಣು ಹೊಳೆದವು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಎತ್ತರದ, ಬಿಳಿಯ, ಏಣಿ ಹಾಕಿ ಹತ್ತುವಂಥ ಗಾಡಿ. "ಲಗ್ನದ ಮನಿ ಮುಂದ ಇಳಿದ್ರ ಮಂದಿ ತಿರುಗಿ ನೋಡಬೇಕು," ಎಂದರು. "ಲಗ್ನದ ಮನ್ಯಾಗ ವರ್ಷದಾಗ ಎಷ್ಟ ಸಲ ಇಳೀತೀರಿ? ಡೀಸೆಲ್ ಪಂಪಿನ್ಯಾಗ ವಾರಕ್ಕ ಎಷ್ಟ ಸಲ ಇಳೀಬೇಕು?" ಎಂದೆ. ಮುಖ ಊದಿಸಿಕೊಂಡು ಎದ್ದು ಹೋದರು. ಆ ಮುಖ ಮೂರು ದಿನ ಹಾಗೆಯೇ ಇತ್ತು. ಅತ್ತೀ, ಈ ಮುಖ ಮಾಡುವುದನ್ನು ಅವರು ಯಾರಿಂದ ಕಲಿತರು ಎಂದು ನಾನು ಕೇಳುವುದಿಲ್ಲ.

ಸಾಲೋಟಗಿಯ ಮಾಸ್ತರರ ಅಂಗಳಕ್ಕೆ ಕಾಲಿಟ್ಟದ್ದು ಎಳ್ಳ ಅಮಾವಾಸ್ಯೆಯ ಮುಂಚಿನ ವಾರ, ಚಳಿಯಲ್ಲಿ. ಅವರಿಗೆ ಬ್ಯಾಟರಿ ಗಾಡಿಯ ಮೇಲೆ ಮನಸ್ಸಾಗಿ, ತಮ್ಮ ಚಿಕ್ಕ ಡೀಸೆಲ್ ಕಾರನ್ನು ಮಾರಲಿಟ್ಟಿದ್ದರು. ಹೊತ್ತೇರಿದ ಮೇಲೆ ಬನ್ನಿ ಎಂದಿದ್ದರು. ನಾನು ಹಾಲಿನವನಿಗಿಂತ ಮೊದಲೇ ಹೋದೆ. ಯಾಕೆ ಗೊತ್ತೇ? ಮಾರುವವರು ಇಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದರ ಕೆಮ್ಮು ಕೇಳಿಸುವುದಿಲ್ಲ. ಹಂಚು ಕಾದಿದೆಯೋ ನೋಡುವವಳ ಹಾಗೆ ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಚಾವಿ ತಿರುಗಿಸಿದರೆ ಒಂದೇ ಸಲಕ್ಕೆ ಎದ್ದಿತು. ಮೊದಲು ಗಡಗಡ, ಆಮೇಲೆ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಹಾಗೆ ಒಂದೇ ದನಿ. ಕಾಳಿನ ನಡುವೆ ಕಲ್ಲು ಸಿಕ್ಕರೆ ಗಿರಣಿ ಹೇಗೆ ಕೂಗುತ್ತದೆ ಎಂದು ನಮಗೆ ಗೊತ್ತಲ್ಲ. ಅಂಥ ಕೂಗು ಇರಲಿಲ್ಲ.

"ಅಕ್ಕಾರ, ಇದು ಗಾಡಿ ಅಲ್ರಿ, ನಮ್ಮ ವರ್ಗದಾಗ ಮೊದಲ ನಂಬರ್ ಬರೂ ಹುಡುಗ," ಎಂದರು ಮಾಸ್ತರ್. "ಲೀಟರಿಗಿ ಇಪ್ಪತ್ತೈದು ಕೊಡತೈತಿ."

"ಯಾವ ರಸ್ತಾದಾಗ್ರಿ?"

"ಚಲೋ ರಸ್ತಾದಾಗ."

"ಅದು ಯಾವ ತಾಲೂಕಿನ್ಯಾಗ ಐತ್ರಿ ಮಾಸ್ತರ್?"

ನಕ್ಕರು. ಒಳ್ಳೆಯ ಮನುಷ್ಯ. ಮೈಲೇಜಿನ ಮಾತು ಬಂದರೆ ಮಾತ್ರ ಸ್ವಂತ ಮಗನ ಅಂಕ ಹೇಳುವ ತಂದೆಯಾಗಿಬಿಡುತ್ತಿದ್ದರು. ನಾನು ಡಿಕ್ಕಿ ತೆರೆಸಿ ನಮ್ಮ ರೊಟ್ಟಿ ಬುಟ್ಟಿಯನ್ನು ಒಳಗಿಟ್ಟು ನೋಡಿದೆ. ಓರೆ ಮಾಡದೆ, ಮಟ್ಟಸವಾಗಿ ಕುಳಿತಿತು. ಸುತ್ತ ಒಂದು ಅಂಗೈ ಜಾಗವೂ ಉಳಿಯಿತು. ಡಿಕ್ಕಿಯ ಅಂಚು ಸ್ವಲ್ಪ ಎತ್ತರ, ಬುಟ್ಟಿಯನ್ನು ಹೊಸ್ತಿಲು ದಾಟಿಸುವ ಹಾಗೆ ಎತ್ತಿ ಇಳಿಸಬೇಕು. ಅದೊಂದು ಕೊರತೆ ಎಂದು ಬರೆದುಕೊಂಡೆ. ಹಿಂದಿನ ಸೀಟಿನಲ್ಲಿ ಮೂವರು ಕೂರಬಹುದು, ಮೂವರೂ ನಮ್ಮ ಮನೆಯವರಾದರೆ. ಬೀಗರಾದರೆ ಇಬ್ಬರೇ. ಕ್ಲಚ್ಚು ಪೆಟ್ರೋಲ್ ಗಾಡಿಗಿಂತ ಬಿಗಿ. ನಿಧಾನ ಇದ್ದಾಗ ಆಕ್ಸಿಲರೇಟರ್ ಒತ್ತಿದರೆ ಮಲಗಿದ ಎಮ್ಮೆಯ ಹಾಗೆ ಒಂದು ಗಳಿಗೆ ಯೋಚಿಸುತ್ತದೆ, ಆಮೇಲೆ ಎದ್ದರೆ ಬಿಡದೆ ಎಳೆಯುತ್ತದೆ.

ನಿಮ್ಮ ಮಗ ಅಲ್ಲಿಯೂ ಪೆಟ್ರೋಲಿನ ರಾಗ ತೆಗೆದರು. ಅವರ ಮಾತಿನಲ್ಲೂ ಹುರುಳಿತ್ತು, ಸುಳ್ಳು ಹೇಳಬಾರದು. ಎರಡರ ದರದ ನಡುವೆ ಮೊದಲಿನ ಅಂತರ ಉಳಿದಿಲ್ಲ. ಡೀಸೆಲ್ ಗಾಡಿ ಸರ್ವೀಸಿಗೆ ಹೆಚ್ಚು ಬೇಡುತ್ತದೆ. ದಿನಾ ಓಣಿಯಿಂದ ಬಜಾರಿಗೆ, ಬಜಾರಿನಿಂದ ಓಣಿಗೆ ಅಷ್ಟೇ ಓಡಿಸುವವರಿಗಂತೂ ಡೀಸೆಲ್ ಬೇಡವೇ ಬೇಡ. ಹೊಗೆ ಸೋಸುವ ಜಾಲರಿಗೆ ಮಸಿ ಕಟ್ಟಿ ಗಾಡಿ ಮುನಿಸಿಕೊಳ್ಳುತ್ತದೆ. ಆದರೆ ನಮ್ಮದು ಸಿಂದಗಿ, ತಾಳಿಕೋಟಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕು ಊರಿನ ತಿರುಗಾಟ. ದೂರ ಓಡಿದಷ್ಟೂ ಇದು ಹಗುರಾಗುವ ಜಾತಿ. ಲೆಕ್ಕ ನನ್ನ ಕಡೆಗೇ ವಾಲಿತ್ತು. ಉಳಿದದ್ದು ಒಂದೇ ಪ್ರಶ್ನೆ: ರೊಟ್ಟಿ ಏನನ್ನುತ್ತದೆ?

ಪರೀಕ್ಷೆಯ ದಿನ ಹೊರಟದ್ದು ಹೇಗಿತ್ತು ಹೇಳಲೇ? ಗಾಡಿ ಓಡಿಸಿದ್ದು ನಾನು. ಹೌದು, ನಾನೇ. ನೀವು ಹೋದ ಮರು ವರ್ಷ ಕಲಿತೆ, ಲೈಸೆನ್ಸೂ ಬಂತು. ಮೊದಲೇ ಹೇಳಿದ್ದರೆ ನೀವು ಉಳಿದದ್ದನ್ನು ಕೇಳದೆ ಓಣಿಯ ತುಂಬ ಸಾರಲು ಹೋಗುತ್ತಿದ್ದಿರಿ, ಅದಕ್ಕೇ ಇಷ್ಟು ಹೊತ್ತು ಮುಚ್ಚಿಟ್ಟೆ. ಪಕ್ಕದಲ್ಲಿ ನಿಮ್ಮ ಮಗ. ಹಿಂದೆ ಮಾಸ್ತರ್, ಗಾಡಿ ಇನ್ನೂ ಅವರದಲ್ಲವೇ. ಬುಟ್ಟಿ ಎರಡು. ಪರೀಕ್ಷೆಯ ಬುಟ್ಟಿ ಡಿಕ್ಕಿಯಲ್ಲಿ. ನೀಲಮ್ಮನ ಬುಟ್ಟಿ, ಅಂದರೆ ಅವಳು ಕೊಟ್ಟ ಕೊನೆಯ ಅವಕಾಶ, ಮಾಸ್ತರರ ತೊಡೆಯ ಮೇಲೆ.

"ಇದನ್ಯಾಕ ಹಿಡೀಬೇಕ್ರಿ ಅಕ್ಕಾರ? ಡಿಕ್ಕಿ ಐತೆಲ್ಲ?"

"ಕೂಸ್ರೀ ಅದು. ಸಿಂದಗಿ ಮಟ ಹಿಡಕೊಳ್ರಿ."

ಸಿಂದಗಿಯಲ್ಲಿ ಚಹಾ ಕುಡಿಯಲು ಇಳಿದು ಡಿಕ್ಕಿ ತೆರೆದೆ. ಬುಟ್ಟಿಯ ಬಟ್ಟೆ ಎತ್ತಿದರೆ... ಅತ್ತೀ, ಮೇಲಿನವು ಚೂರು, ನಡುವಿನವು ಚೂರು, ತಳದಲ್ಲಿ ನಾಲ್ಕಾರು ಮಾತ್ರ ಜೀವ ಹಿಡಿದಿದ್ದವು. ಟೆಂಪೋದವನೇ ಮೇಲು ಎನ್ನಿಸುವ ಹಾಗೆ. ನಿಮ್ಮ ಮಗ ಚಹಾದ ಬಶಿ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು.

"ಆತಿಲ್ಲೋ? ಸಣ್ಣ ಗಾಡಿ ಹಣೆಬರಹಾನ ಇಷ್ಟ. ನಾ ಬಡಕೊಂಡ್ನಿ, ಎತ್ತರದ್ದು ತಗೊಳ್ಳೂಣು ಅಂತ."

ನಾನು ಬುಟ್ಟಿಗೆ ಬಟ್ಟೆ ಮುಚ್ಚಿದೆ. ಬಗ್ಗಿ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಕಲ್ಲು.

ಮಾವನವರ ಸೈಕಲ್ ಆ ಗಳಿಗೆಯಲ್ಲಿ ಕಣ್ಣೆದುರು ಬಂದು ನಿಂತಿತು. ಸಾಲೋಟಗಿಗೆ ರೊಟ್ಟಿ ಒಯ್ಯುವ ದಿನ ಅವರು ಕ್ಯಾರಿಯರಿಗೆ ಬುಟ್ಟಿ ಕಟ್ಟಿ ಕಾಲೆತ್ತುವುದರೊಳಗೆ ನೀವು ಹೊಸ್ತಿಲಿಗೆ ಬಂದು, ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಿರಿ. "ಕಲ್ಲಾಗೇತಿ. ಸ್ವಲ್ಪ ಗಾಳಿ ಬಿಡ್ರಿ." "ಗಾಳಿ ಬಿಟ್ರ ತುಳಿಯಾಕ ಜೀವ ಹೋಗತೈತಿ," ಎನ್ನುತ್ತಿದ್ದರು ಅವರು. "ನಿಮ್ಮ ಜೀವಕ್ಕ ಏನೂ ಆಗೂದಿಲ್ಲ, ರೊಟ್ಟಿ ಜೀವ ನೋಡ್ರಿ." ಸುಸ್ಸ್ ಎಂದು ಗಾಳಿ ಹೋಗುವುದೂ ಮಾವನವರ ಉಸಿರು ಬಿಡುವುದೂ ಒಟ್ಟಿಗೆ ಕೇಳಿಸುತ್ತಿತ್ತು. ಇದನ್ನು ಓದುವಾಗ ಅವರು ಕೆಮ್ಮಿ ಸಾಲು ಹಾರಿಸಲು ನೋಡಿದರೆ ಬಿಡಬೇಡಿ, ಓದಿಸಿ.

"ಮಾಸ್ತರ್, ಗಾಳಿ ಎಷ್ಟ ಹೊಡಿಸಿರ್ರಿ?" ಎಂದು ಕೇಳಿದೆ.

ಅವರು ಹೆಮ್ಮೆಯಿಂದಲೇ ಹೇಳಿದರು. "ಟಣಟಣ ಇಟ್ಟೇನ್ರಿ. ಗಾಳಿ ಬಿಗಿ ಇದ್ರ ಗಾಡಿ ಹಗೂರ ಉರುಳತೈತಿ. ಇಪ್ಪತ್ತೈದು ಸುಮ್ನ ಬರತೈತೇನ್ರಿ?"

ಚಾಲಕನ ಬಾಗಿಲು ತೆರೆದರೆ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ, ಯಾವ ಗಾಲಿಗೆ ಎಷ್ಟು ಗಾಳಿ ಎಂದು ಗಾಡಿ ಮಾಡಿದವರೇ ಬರೆದದ್ದು. ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ ಅಳತೆ ಹಿಡಿಸಿದೆ. ಚೀಟಿಯಲ್ಲಿದ್ದದ್ದಕ್ಕಿಂತ ಎಷ್ಟೋ ಮೇಲಿತ್ತು ಮುಳ್ಳು. ಚೀಟಿ ಹೇಳಿದಷ್ಟಕ್ಕೆ ಇಳಿಸಲು ಹೇಳಿದೆ. ನಾಲ್ಕೂ ಗಾಲಿಗಳು ಒಂದೊಂದಾಗಿ ಸುಸ್ಸೆಂದವು. ಮಾಸ್ತರರ ಮುಖ ಸಣ್ಣದಾಯಿತು. "ಮೈಲೇಜ್ ಹೋತಲ್ರಿ ಅಕ್ಕಾರ," ಎಂದರು, ಯಾರೋ ಅವರ ಹುಡುಗನ ಅಂಕ ಕಳೆದವರ ಹಾಗೆ.

ಆಮೇಲೆ ನಾನು ಮಾಡಿದ್ದನ್ನು ನೀವು ನೋಡಿದ್ದರೆ ಬೈಯುತ್ತಿದ್ದಿರೋ, ಬೆನ್ನು ತಟ್ಟುತ್ತಿದ್ದಿರೋ? ಪರೀಕ್ಷೆಯ ಬುಟ್ಟಿಯನ್ನು ಹೊರಗೆ ತೆಗೆದೆ. ಅದೇ ಜಾಗದಲ್ಲಿ ನೀಲಮ್ಮನ ಬುಟ್ಟಿ ಇಟ್ಟೆ.

"ಹುಚ್ಚ ಹಿಡದೈತೇನ ನಿನಗ?" ನಿಮ್ಮ ಮಗ ಬಶಿ ಕೆಳಗಿಟ್ಟರು. "ಒಡದ ಜಾಗದಾಗ ಕಡೀ ಬುಟ್ಟಿ ಇಡತಿ? ಮಾಸ್ತರ್ ತೊಡಿ ಮ್ಯಾಲ ಸುಮ್ನ ಕುಂತಿತ್ತು."

"ದಿನಾ ಮಾಸ್ತರ್ ತೊಡಿ ತರಾಕ ಆಗತೈತೇನ್ರಿ?" ಎಂದೆ. "ಗಾಡಿ ತಗೊಳ್ಳಾಕ ಬಂದೇವಿ. ಗಾಡೀನ ಹೇಳಲಿ."

ಮಾತು ಗಟ್ಟಿಯಾಗಿಯೇ ಬಂತು. ಆದರೆ ಡಿಕ್ಕಿ ಮುಚ್ಚುವ ಮೊದಲು ಬುಟ್ಟಿಯ ಬಟ್ಟೆಯ ಗಂಟನ್ನು ಎರಡು ಸಲ ಬಿಗಿದೆ. ನೀಲಮ್ಮ ಹೋದರೆ ನಾಲ್ಕು ಮನೆಯ ಹಂಚು ತಣ್ಣಗಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲವೇ?

ಸಿಂದಗಿಯಿಂದ ತಾಳಿಕೋಟಿಯ ಕಡೆಗೆ ಬಂದ ದಾರಿಯ ತುಂಬ ತಗ್ಗುಗಳೇ. ತಗ್ಗು ಬಂದಾಗಲೆಲ್ಲ ಮೂವರೂ ಉಸಿರು ಹಿಡಿದು ಡಿಕ್ಕಿಯ ಕಡೆಗೆ ಕಿವಿ ಕೊಡುತ್ತಿದ್ದೆವು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು. ಗೇರ್ ಇಳಿಸಿ ಒತ್ತಿದರೆ ಎಮ್ಮೆ ಎದ್ದಿತು, ದಾಟಿಸಿತು. ಗಾಡಿ ಈಗ ಕುಣಿಯುತ್ತಿರಲಿಲ್ಲ, ತೂಗುತ್ತಿತ್ತು. ತಾಳಿಕೋಟಿಯ ಆಚೆ ಒಂದು ಬೇವಿನ ಮರದ ಕೆಳಗೆ ನಿಂತು ಪರೀಕ್ಷೆಯ ಬುಟ್ಟಿಯ ಚೂರುಗಳನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ತಿಂದೆವು. ಮಾಸ್ತರ್ ತಿನ್ನುತ್ತ ತಿನ್ನುತ್ತ, "ನನ್ನ ಮೈಲೇಜಿನ ಚೂರು ಅಕ್ಕಾರ ಇವು," ಎಂದರು. ಆಗ ಮೊದಲ ಸಲ ನಿಮ್ಮ ಮಗ ಬಾಯಿ ತುಂಬ ನಕ್ಕರು. ಆದರೂ ಯಾರೂ ಡಿಕ್ಕಿ ತೆರೆಯಿರಿ ಎನ್ನಲಿಲ್ಲ. ಗಿರಾಕಿಯ ಕಣ್ಣ ಮುಂದೆ ಅಲ್ಲದೆ ಬುಟ್ಟಿ ಬಿಚ್ಚಬಾರದು, ಇದೂ ನಿಮ್ಮದೇ ಕಾನೂನು.

ಮುದ್ದೇಬಿಹಾಳದಲ್ಲಿ ನೀಲಮ್ಮ ಕೈ ಒರೆಸುತ್ತ ಹೊರಗೆ ಬಂದಳು. ಒಳಗೆ ಮಧ್ಯಾಹ್ನದ ಊಟದವರು ಕೂತಿದ್ದರು. ಬುಟ್ಟಿಯನ್ನು ಬೆಂಚಿನ ಮೇಲಿಟ್ಟು ಬಟ್ಟೆ ಬಿಚ್ಚಿದಳು. ಮೇಲಿನ ರೊಟ್ಟಿಯ ಅಂಚು ಹಿಡಿದೆತ್ತಿ ಉಗುರಿನಿಂದ ಬಾರಿಸಿದಳು. ಟಣ್ ಎಂದಿತು. ಬದಿಗಿಟ್ಟಳು. ಎರಡನೆಯದು. ಮೂರನೆಯದು. ನಡುವಿಗೆ ಬಂದಾಗ ನಿಮ್ಮ ಮಗ ನನ್ನ ಪಕ್ಕಕ್ಕೆ ಬಂದು ನಿಂತರು. ತಳಕ್ಕೆ ಬರುವುದರೊಳಗೆ ಊಟಕ್ಕೆ ಕೂತವರೂ ಕತ್ತು ಉದ್ದ ಮಾಡಿದ್ದರು. ಕೊನೆಯ ರೊಟ್ಟಿಯನ್ನೆತ್ತಿ ನೀಲಮ್ಮ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಬಡಿದಳು. ಒಂದಿಷ್ಟು ಹಿಟ್ಟು ಬಿತ್ತು. ಚೂರು ಬೀಳಲಿಲ್ಲ.

"ಏನಕ್ಕಾ, ಇಂಡಿಯಿಂದ ತಲಿ ಮ್ಯಾಲ ಹೊತಗೊಂಡ ನಡದ್ಯೇನ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಮಗ ಎದೆ ಉಬ್ಬಿಸಿ, "ನಮ್ಮ ಗಾಡ್ಯಾಗ ತಂದೇವ್ರಿ. ಡೀಸೆಲ್. ಅಕಿನ ಹೊಡದ್ಲು," ಎಂದರು. ನಮ್ಮ ಗಾಡಿ! ಮಾಸ್ತರ್ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ವ್ಯವಹಾರ ಅಲ್ಲೇ ಮುಗಿಯಿತು.

ಬಸವನ ಬಾಗೇವಾಡಿಯ ಮೇಲೆ ಹಾಯ್ದು ವಾಪಸು ಬಂದೆವು. ನಿಮ್ಮ ತವರು ಊರು. ನೀವು ಯಾವಾಗಲೂ ಎರಡು ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದ ಊರು. ನಾನು ಇಳಿದಾಗ ಸೊಂಟ ನೆಟ್ಟಗಿತ್ತು. ಗುಡಿಗೆ ಕೈ ಮುಗಿದು, ನೀವು ಹೇಳುತ್ತಿದ್ದ ಭಾವಿಯ ಓಣಿಯಲ್ಲೂ ಒಂದು ಸುತ್ತು ಹಾಕಿದೆ. ಇಕ್ಕಟ್ಟಿನ ತಿರುವಿನಲ್ಲಿ ಎತ್ತರದ ಗಾಡಿಯೊಂದು ಸಿಕ್ಕಿಬಿದ್ದು ಹಿಂದೆ ಮುಂದೆ ಆಡುತ್ತಿತ್ತು. ನಾವು ಅದರ ಪಕ್ಕದಿಂದ ನುಸುಳಿ ಹೊರಟೆವು. ನಾನು ಓರೆಗಣ್ಣಿನಿಂದ ನಿಮ್ಮ ಮಗನನ್ನು ನೋಡಿದೆ. ಅವರು ಕಿಟಕಿಯ ಗಾಜು ಏರಿಸಿಕೊಂಡರು.

ಇಂಡಿಯ ಪಂಪಿನಲ್ಲಿ ಬೆಳಿಗ್ಗೆ ತುಂಬಿಸಿದ್ದ ಟಾಕಿಯನ್ನು ಮತ್ತೆ ಅಂಚಿನವರೆಗೆ ತುಂಬಿಸಿ ಲೆಕ್ಕ ಹಾಕಿದೆ. ಲೀಟರಿಗೆ ಇಪ್ಪತ್ತೆರಡು. ಮಾಸ್ತರರ ಇಪ್ಪತ್ತೈದಕ್ಕೆ ಮೂರು ಕಡಿಮೆ. "ನೋಡ್ರಿ, ಗಾಳಿ ಬಿಟ್ಟಿದ್ದಕ್ಕ," ಎಂದು ಅವರು ಮರುಗಿದರು. ಬರೀ ಗಾಳಿಯಲ್ಲ, ರಸ್ತೆಯೂ ತಿಂದಿತ್ತು, ನಾಲ್ಕು ಊರಿನ ಬಜಾರೂ ತಿಂದಿತ್ತು. ನನಗೆ ಬೇಸರವಾಗಲಿಲ್ಲ. ಲೀಟರಿಗೆ ಎಷ್ಟು ದೂರ ಹೋಯಿತು ಎನ್ನುವುದಷ್ಟೇ ಉಳಿತಾಯವೇ? ಹೋದದ್ದರಲ್ಲಿ ಎಷ್ಟು ಇಡಿಯಾಗಿ ಮುಟ್ಟಿತು ಎನ್ನುವುದನ್ನು ಯಾರು ಕೂಡಿಸಬೇಕು? ಸೈಕಲ್ಲಿನ ಗಾಳಿ ಬಿಡಿಸುವಾಗ ನೀವು ಮಾವನವರ ಬೆವರನ್ನು ಒಂದು ಕಡೆ, ರೊಟ್ಟಿಯನ್ನು ಇನ್ನೊಂದು ಕಡೆ ಇಟ್ಟು ತೂಗಿಯೇ ತೂಗಿದ್ದಿರಿ. ನಾನು ಬೆವರಿನ ಜಾಗದಲ್ಲಿ ಡೀಸೆಲ್ ಇಟ್ಟೆ, ಅಷ್ಟೇ.

ಗಾಡಿ ಈಗ ನಮ್ಮ ಬಾಗಿಲಲ್ಲಿದೆ, ನಿಮ್ಮ ತುಳಸಿ ಕಟ್ಟೆಯ ಪಕ್ಕ. ವಾರಕ್ಕೊಮ್ಮೆ ಗಾಲಿ ಒತ್ತಿ ನೋಡುವುದು, ಅಳತೆ ಹಿಡಿಸುವುದು ನನ್ನ ಕೆಲಸ; ದಿನಾ ಒರೆಸುವುದು ನಿಮ್ಮ ಮಗನದು. ಯಾರೂ ಹೇಳದೆ ತಾವೇ ಹಿಡಿದ ಕೆಲಸ ಅದು. ನೀಲಮ್ಮ ಬುಟ್ಟಿ ಹೆಚ್ಚಿಸಿದ್ದಾಳೆ, ಹಂಚಿನ ಮುಂದೆ ಇನ್ನೊಬ್ಬಳು ಬಂದು ಕೂತಿದ್ದಾಳೆ. ಆದರೆ ನಾನು ಹೇಳಬೇಕೆಂದಿದ್ದ ಸುದ್ದಿ ಇದಲ್ಲ. ಅದು ನಿನ್ನೆಯದು.

ನಿನ್ನೆ ನಾಲ್ಕೂ ಊರು ಸುತ್ತಿ, ಎಲ್ಲ ಬುಟ್ಟಿ ಖಾಲಿ ಮಾಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಬಂದೆ. ನಿಮ್ಮ ಮಗ ತಾಟಿನ ಮುಂದೆ ಕೂತು ರೂಢಿಯಂತೆ ಕೂಗಿದರು: "ಮುರುಕ ಎಲ್ಲಿ ಅದಾವ, ತಾ."

"ಇಲ್ಲ."

"ಇಲ್ಲ ಅಂದ್ರ?"

"ಇಲ್ಲಂದ್ರ ಇಲ್ರಿ. ಇವತ್ತ ಒಂದೂ ಮುರದಿಲ್ಲ."

ಅವರು ನನ್ನನ್ನು ನೋಡಿದರು. ಬುಟ್ಟಿಗಳನ್ನು ನೋಡಿದರು. ನಾಳೆಗೆಂದು ಬಡಿದಿಟ್ಟಿದ್ದ ರಾಶಿಯಿಂದ ನಾನು ಒಂದು ಇಡೀ ರೊಟ್ಟಿ ತೆಗೆದು ಅವರ ತಾಟಿಗೆ ಹಾಕಿದೆ, ಒಂದು ನನ್ನ ತಾಟಿಗೆ. ತಾಟಿನ ತುಂಬ ದುಂಡಗೆ, ಅಂಚಿನಿಂದ ಅಂಚಿಗೆ. ಇಷ್ಟು ವರ್ಷ ರೊಟ್ಟಿಯಲ್ಲೇ ಬದುಕಿದವರು, ಇದನ್ನು ಎಲ್ಲಿಂದ ಮುರಿಯಬೇಕು ಎಂದು ತಿಳಿಯದೆ ಇಬ್ಬರೂ ತಾಟು ತಿರುಗಿಸಿ ತಿರುಗಿಸಿ ನೋಡಿದೆವು.

ಆಮೇಲೆ ನಾನು ಎದ್ದು ಇನ್ನೊಂದನ್ನು ತೆಗೆದೆ. ಇರುವುದರಲ್ಲಿ ದುಂಡನೆಯದನ್ನು, ಉಗುರಿನಿಂದ ಬಾರಿಸಿ, ಟಣ್ ಎಂದದ್ದನ್ನೇ ಆರಿಸಿ ನಿಮ್ಮ ಫೋಟೋದ ಮುಂದೆ ಇಟ್ಟೆ.

ಅದು ಮುರುಕಲ್ಲ ಅತ್ತೀ, ಇಡೀ ರೊಟ್ಟಿ. ಗಿರಾಕಿಯದಲ್ಲ, ನಿಮ್ಮದು. ಮೊದಲ ತುತ್ತನ್ನು ನೀವೇ ಮುರಿದುಕೊಳ್ಳಿ.